ಕೈ ಬದಲಾದ ಹಾಲು

ಎಂಬತ್ತರ ದಶಕದ ಮಧ್ಯದಲ್ಲಿ ನಾನು ಕಾಮಸಮುದ್ರದ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿದ್ದೆ. ಚಾಂಪಿಯನ್ ರೀಫ್ಸ್‌ನ ಬಾಡಿಗೆ ಮನೆಯಿಂದ ರಾಬರ್ಟ್‌ಸನ್‌ಪೇಟೆಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು, ಇಸ್ತ್ರಿ ಮಾಡಿದ ಬಿಳಿ ಸೀರೆಗೆ ಯಾರ ಕೋಳಿಬುಟ್ಟಿಯೂ ತಾಗದಂತೆ ನಿಂತು ಹೋಗುತ್ತಿದ್ದೆ. ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಮನಸ್ಸಿನ ಕಾಯಿಲೆ ಇರುವವರನ್ನು ಗುರುತಿಸುವುದು, ನೋಡಿಕೊಳ್ಳುವುದು ಹೇಗೆಂದು ಕಲಿಯಲು ನನ್ನನ್ನು ಎರಡು ವಾರ ಬೆಂಗಳೂರಿಗೆ ಕಳಿಸಿದರು. ವಾಪಸು ಬರುವಾಗ ನನಗೆ ಎರಡು ಕೊಂಬು ಬಂದಿದ್ದವು.

ಕಲಿತದ್ದನ್ನು ಹಳ್ಳಿಯ ಹೆಂಗಸರಿಗೆ ಕಲಿಸಬೇಕೆಂದು ಆದೇಶವಾಯಿತು. ಪ್ರತಿ ಗುರುವಾರ ಮಧ್ಯಾಹ್ನ ಬಸ್ಸಿನ ದಾರಿಯಲ್ಲಿದ್ದ ಒಂದು ಹಳ್ಳಿಯ ಶಾಲೆಯ ಕೊಠಡಿಯಲ್ಲಿ ಒಂಬತ್ತು ಜನ ಸೇರುತ್ತಿದ್ದರು. ಅಂಗನವಾಡಿ ಟೀಚರುಗಳು, ಸೂಲಗಿತ್ತಿಯರು, ಮತ್ತೆ ಹಾಲಿನ ಡೈರಿಯಲ್ಲಿ ಹಾಲು ಅಳೆಯುವ ಒಬ್ಬಳು. ನನ್ನ ಹತ್ತಿರ ಚಿತ್ರಗಳಿದ್ದ ದೊಡ್ಡ ಪುಸ್ತಕವಿತ್ತು. ಹಾಳೆ ಮಗುಚುತ್ತ ಪಾಠ ಹೇಳುವುದು. ತನ್ನಷ್ಟಕ್ಕೆ ನಗುವವನು, ನಿದ್ದೆ ಬಾರದವಳು, ಊಟ ಬಿಟ್ಟವಳು. ಮಗ್ಗಿ ಹೇಳಿಸಿದ ಹಾಗೆ ಲಕ್ಷಣಗಳನ್ನೆಲ್ಲ ಬಾಯಿಪಾಠ ಮಾಡಿಸಿದೆ.

ಒಂದು ಹಾಳೆಯನ್ನು ಮಾತ್ರ ಹಾರಿಸಿದೆ. ‘ಸಾಯಬೇಕು ಅನ್ನಿಸುತ್ತದೆಯೇ’ ಎಂದು ನೇರವಾಗಿ ಕೇಳಿ, ಕೇಳುವುದರಿಂದ ಕೇಡಾಗುವುದಿಲ್ಲ ಎಂದು ಬೆಂಗಳೂರಿನ ಡಾಕ್ಟರು ಹೇಳಿಕೊಟ್ಟ ಹಾಳೆ ಅದು. ಹಳ್ಳಿ ಹೆಂಗಸರು ಹೆದರುತ್ತಾರೆ, ಇದೆಲ್ಲ ಬೇಡ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೆದರಿದ್ದವಳು ನಾನು. ನಾನು ಹೈಸ್ಕೂಲಿನಲ್ಲಿದ್ದಾಗ, ಬಂಗಾರಪೇಟೆ ಹತ್ತಿರದ ನಮ್ಮೂರಿನಲ್ಲಿ, ನನ್ನ ಅಣ್ಣನ ಹೆಂಡತಿ ಮೂರು ತಿಂಗಳ ಕೂಸನ್ನು ಬಿಟ್ಟು ಬಾವಿಯ ಪಾಲಾಗಿದ್ದಳು. ಒಂದು ಸುಳಿವನ್ನೂ ಕೊಡದೆ ಹೋದಳಲ್ಲ ಅತ್ತಿಗೆ ಎಂದು ಮನೆಯವರೆಲ್ಲ ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೆವು.

ಮೂರನೇ ಗುರುವಾರ, “ನಿಮ್ಮ ಬೀದಿಯಲ್ಲಿ ಯಾರಲ್ಲಾದರೂ ಈ ಲಕ್ಷಣ ಕಂಡಿದ್ದರೆ ಹೇಳಿ” ಎಂದೆ. ಹಾಲು ಅಳೆಯುವವಳು ಎದ್ದು ನಿಂತಳು. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು, ಸೆರಗನ್ನು ಸೊಂಟಕ್ಕೆ ಬಿಗಿದ ಗಟ್ಟಿ ಹೆಂಗಸು.

“ನಮ್ಮ ಬೀದಿ ಕೊನೆ ಮನೇದು ಆಲು ಕಮ್ಮಿ ಆಗೋಗೈತೆ ನರ್ಸಮ್ಮ. ಐದು ಲೀಟ್ರು ಆಕೋರು, ಈಗ ಎರಡಕ್ಕೆ ಬಂದೈತೆ. ಒಂದು ವಾರ ಆತು.”

ನನಗೆ ರೇಗಿತು. “ನಾನು ಮನುಷ್ಯರ ಕಾಯಿಲೆ ಕೇಳಿದರೆ ನೀನು ಹಸುವಿನದು ಹೇಳ್ತೀಯಲ್ಲಮ್ಮ! ದನದ ಡಾಕ್ಟರ ಹತ್ತಿರ ಹೋಗು” ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕು ಕೂತುಕೊಂಡಳು.

ಪಾಠ ಮುಗಿಸಿ ನಾನು ಪುಸ್ತಕ ಕಟ್ಟಿಕೊಂಡು ಹೊರಟರೆ ಬಾಗಿಲಲ್ಲಿ ಅವಳೇ ನಿಂತಿದ್ದಳು.

“ಅಸ ಚೆನ್ನಾಗೈತೆ ಕಣಮ್ಮ, ನಾನೇ ಕೊಟ್ಟಿಗೇಗೋಗಿ ನೋಡ್ಕೊಂಡು ಬಂದೆ. ಕರೆಯೋ ಕೈ ಬದಲಾಗೈತೆ. ಆ ಅಸ ಗುರ್ತಿಲ್ಲದ ಕೈಗೆ ಆಲು ಇಳ್ಸಲ್ಲ, ಏರಿಸ್ಕೊಂಬುಡ್ತದೆ. ದಿನಾ ಕರೀತಿದ್ದೋಳು ಆ ಮನೆ ಸೊಸೆ. ಅವ್ಳು ಎದ್ದಿಲ್ಲ.”

“ಬಾಣಂತಿ ಇರಬೇಕು, ಮಲಗಿರ್ತಾಳೆ ಬಿಡು.”

“ಕೂಸು ಎತ್ತು ಮೂರು ತಿಂಗ್ಳಾತು. ಎದ್ದು ಓಡಾಡ್ಕೊಂಡು ಆಲು ಕರೀತಿದ್ದೋಳು ಈಗ ಮಲಗವ್ಳೆ. ಬಾ, ಒಂದ್ಸಲ ನೋಡೋವಂತೆ.”

ಮೂರು ತಿಂಗಳು ಎಂದ ಕೂಡಲೇ ನನಗೆ ಅತ್ತಿಗೆಯ ಕೂಸು ನೆನಪಾಯಿತು. ಆಮೇಲೆ ಅವಳ ಮುಖವನ್ನೇ ನೋಡಿದೆ. ದಿನಕ್ಕೆರಡು ಸಲ ಇಡೀ ಊರಿನ ಹಾಲು ಅವಳ ಕಣ್ಣ ಮುಂದೆ ಹಾದುಹೋಗುತ್ತಿತ್ತು. ಯಾರ ಬಾಗಿಲೂ ತಟ್ಟದೆ, ಯಾರನ್ನೂ ಏನೂ ಕೇಳದೆ, ಈ ಹೆಂಗಸು ಒಂದು ಮನೆಯ ಒಳಕೋಣೆಯ ತನಕ ನೋಡಿಬಿಟ್ಟಿದ್ದಳು. ಸಂಜೆಯ ಬಸ್ಸು ಹೋದರೆ ಹೋಗಲಿ ಎಂದು ಅವಳ ಹಿಂದೆ ನಡೆದೆ.

ಸೊಸೆಯ ಅತ್ತೆ ಹಜಾರದಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. “ಸೋಂಬೇರಿತನ ನರ್ಸಮ್ಮ, ಇನ್ನೇನಿಲ್ಲ. ನಾವು ಎತ್ತಿಲ್ವಾ ಏಳು ಮಕ್ಕಳ್ನ? ಅಮಾಸೆಗೆ ತಾಯ್ತ ಕಟ್ಟಿಸ್ತೀವಿ. ಆಗ್ಲೂ ಏಳ್ದಿದ್ರೆ ತೌರಿಗೆ ಬುಟ್ಟು ಬತ್ತೀವಿ, ಕೂಸು ಇಲ್ಲೇ ಇರ್ಲಿ” ಎಂದಳು.

ಒಳಗೆ ಆ ಹುಡುಗಿ ಚಾಪೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದಳು. ನಾನು ಬೆಂಗಳೂರಿನಲ್ಲಿ ಕಲಿತ ಪ್ರಶ್ನೆಗಳನ್ನು ಒಂದೊಂದಾಗಿ ಕೇಳಿದೆ. ನಿದ್ದೆ ಬರುತ್ತಾ? ಊಟ ಸೇರುತ್ತಾ? ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಹಾಲು ಅಳೆಯುವವಳು ಚಾಪೆಯ ಪಕ್ಕದಲ್ಲಿ ಕಾಲು ಚಾಚಿ ಕೂತಳು, ಕೂತೇ ಇದ್ದಳು. ನಾನು ಎರಡು ಸಲ ಗಡಿಯಾರ ನೋಡಿಕೊಂಡೆ.

ಆಮೇಲೆ ಆ ಹಾಲಿನವಳು ಕೇಳಿದಳು: “ನಿಮ್ಮ ಅಸಕ್ಕೆ ಯಾವ ಕಡೆ ಕೂತ್ಕೋಬೇಕಮ್ಮ? ಎಡಕ್ಕಾ, ಬಲಕ್ಕಾ? ಪಾಪ, ನಿಮ್ಮ ಮಾವ ಒದೆಸ್ಕೊಂಡವ್ರೆ.”

ಗೋಡೆ ಕಡೆಯಿಂದ ಸಣ್ಣ ದನಿ ಬಂತು. “ಎಡಕ್ಕೆ. ಮೊದ್ಲು ಬಿಸ್ನೀರಲ್ಲಿ ಕೆಚ್ಚಲು ತೊಳೀಬೇಕು. ಬೆನ್ನು ಸವರ್ಬೇಕು.”

“ಅಂಗಾ. ಅದಕ್ಕೇ ಅದು ನಿನ್ನ ಕೈ ಕೇಳ್ತೈತೆ” ಎಂದಳು. ಅದೇ ದನಿಯಲ್ಲಿ, “ಸಾಯ್ಬೇಕು ಅನ್ನಿಸ್ತದಾ ಮಗಾ?” ಎಂದು ಕೇಳಿದಳು.

ನಾನು ಕಲಿಸದೆ ಬಿಟ್ಟ ಪ್ರಶ್ನೆ. ಅವಳನ್ನು ಸುಮ್ಮನಾಗಿಸಲು ಕೈಯನ್ನೂ ಎತ್ತಿದೆ. ಅಷ್ಟರಲ್ಲಿ ಆ ಹುಡುಗಿ ಈ ಕಡೆ ತಿರುಗಿದಳು.

“ಎದ್ರೆ ಕಾಲು ಬಾವಿ ಕಡೀಕೇ ಓಗ್ತದೆ ಅಕ್ಕಾ. ನಾನು ಓದ್ರೆ ಕೂಸಿಗೆ ಯಾರವ್ರೆ? ಅದಕ್ಕೇ ಏಳಲ್ಲ. ಇಲ್ಲೇ ಇರ್ತೀನಿ.”

ಅತ್ತೆ ಸೋಂಬೇರಿತನ ಎಂದದ್ದು ಇದನ್ನು. ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಅವಳು ತನ್ನನ್ನು ತಾನೇ ಆ ಚಾಪೆಗೆ ಕಟ್ಟಿಹಾಕಿಕೊಂಡಿದ್ದಳು. ಆ ಹುಡುಗಿಗೆ ಅಡ್ಡಬೀಳಬೇಕು ಅನ್ನಿಸಿತು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಅತ್ತೆ, ಕೂರಬಾರದೆಂಬುದನ್ನೂ ಮರೆತು, ಹೊಸ್ತಿಲ ಮೇಲೆಯೇ ಕುಸಿದು ಕೂತಳು.

ಹಿಂತಿರುಗಿ ಬರುವಾಗ ದಾರಿಯಲ್ಲಿ ಕೇಳಿದೆ, “ಹಾಗೆ ಕೇಳಬೇಕು ಅಂತ ಯಾರು ಹೇಳಿಕೊಟ್ಟರಕ್ಕಾ?” ಅವಳನ್ನು ಅಕ್ಕ ಎಂದು ಕರೆದದ್ದು ಅದೇ ಮೊದಲು.

“ಯಾರು ಯೋಳ್ಕೊಡ್ತಾರೆ? ಕೆಚ್ಚಲು ಊದ್ಕೊಂಡ್ರೆ ಕೈ ಇಟ್ಟು ನೋಡ್ಬೇಕು ತಾನೆ? ನೋವಾಗ್ತದೆ ಅಂತ ಬುಟ್ರೆ ಒಳಗೇ ಕೀವಾಗ್ತದೆ.”

ಮರುದಿನ ಬೆಳಗಿನ ಬಸ್ಸಿಗೇ ಹುಡುಗಿಯನ್ನು, ಕೂಸನ್ನು, ಅತ್ತೆಯನ್ನು ಬಂಗಾರಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮಾತ್ರೆ ಶುರುವಾಯಿತು. ಬೇಗ ವಾಸಿಯಾಗುವುದಿಲ್ಲ, ಒಬ್ಬಳನ್ನೇ ಬಿಡಬೇಡಿ ಎಂದರು ಅವರು. ಒಬ್ಬಳನ್ನೇ ಬಿಡದಿರುವ ಕೆಲಸವನ್ನು ಹಾಲು ಅಳೆಯುವವಳು ವಹಿಸಿಕೊಂಡಳು. ಹಾಲಿಗೆ ಸಾಲು ನಿಂತ ಹೆಂಗಸರಿಗೆ ಅಲ್ಲೇ ಹೇಳುತ್ತಿದ್ದಳು, “ಇವತ್ತು ನೀನೋಗು, ನಾಳೀಕೆ ನೀನು.” ಹೋದವರು ಬುದ್ಧಿ ಹೇಳುತ್ತಿರಲಿಲ್ಲ. ಅವರೆಕಾಯಿ ಬಿಡಿಸುತ್ತಲೋ ಸೊಪ್ಪು ಸೋಸುತ್ತಲೋ ಅವಳ ಪಕ್ಕದಲ್ಲಿ ಕೂತಿರುತ್ತಿದ್ದರು. ಜೊತೆಗಿರುವುದು ಎಂಬ ಪಾಠ ನನ್ನ ಪುಸ್ತಕದಲ್ಲಿ ಕೊನೆಯದು, ನಾನಿನ್ನೂ ಅಲ್ಲಿಗೆ ಬಂದೇ ಇರಲಿಲ್ಲ.

ಮುಂದಿನ ಗುರುವಾರ ಹಾರಿಸಿದ್ದ ಹಾಳೆಯನ್ನು ತೆಗೆದೆ. ಪಾಠ ಹೇಳಲು ಅವಳನ್ನೇ ಮುಂದೆ ನಿಲ್ಲಿಸಿ, ನಾನು ಹೆಂಗಸರ ಜೊತೆ ನೆಲದ ಮೇಲೆ ಕೂತೆ. ಬಿಳಿ ಸೀರೆ ಮಣ್ಣಾಯಿತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಬಸ್ಸಿನ ಕಂಡಕ್ಟರು ಆರೋಗ್ಯ ಕೇಂದ್ರಕ್ಕೆ ಬಂದರು. “ಡೈರಿ ಅಮ್ಮ ಏನೋ ಯೋಳಿ ಕಳ್ಸವ್ರೆ, ನಂಗೊಂದೂ ಅರ್ಥ ಆಗ್ಲಿಲ್ಲ. ‘ಅಸಕ್ಕೆ ಕೈ ಬಂತು’ ಅಂತೆ” ಎಂದರು. ನನಗೆ ಅಳು ತಡೆಯಲಾಗಲಿಲ್ಲ. ಕಂಡಕ್ಟರು ಗಾಬರಿಯಾಗಿ ನೀರು ತಂದುಕೊಟ್ಟರು.

ಸಂತೋಷಕ್ಕೆ ಅಳು ಬಂತೆಂದು ಅವರಿಗೆ ಹೇಳಿದೆ. ಅದು ಅರ್ಧ ಸತ್ಯ. ನಮ್ಮ ಮನೆಯಲ್ಲೂ ಹಸುವಿತ್ತು, ಅದನ್ನು ಕರೆಯುತ್ತಿದ್ದವಳು ಅತ್ತಿಗೆ. ಅವಳು ಹೋಗುವ ಮುಂಚಿನ ವಾರವೆಲ್ಲ ಹಸು ಹಾಲು ಇಳಿಸಲಿಲ್ಲ, ಕರೆಯಲು ಕೂತ ಅಮ್ಮನನ್ನು ಒದೆಯಿತು. ಯಾರದೋ ಕಣ್ಣು ತಗುಲಿದೆ ಎಂದರು. ಮೂರು ಸಂಜೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಹಸುವಿಗೆ ದೃಷ್ಟಿ ತೆಗೆದು ಒಲೆಗೆ ಹಾಕಿದವಳು ನಾನು. ಅತ್ತಿಗೆ ಒಳಗೆ ಗೋಡೆ ಕಡೆ ತಿರುಗಿ ಮಲಗಿದ್ದಳು. ಘಾಟಿಗೆ ಕೆಮ್ಮಿದಳು. ಅವಳಿಗೆ ತೊಂದರೆಯಾಗದಿರಲಿ ಎಂದು ನಾನು ಕೋಣೆಯ ಬಾಗಿಲು ಎಳೆದುಕೊಂಡು ಬಂದೆ.