ಬಲಗೈ ಎಂದು ಹೇಳಿದವಳು ನಾನು

ಡಾಕ್ಟರ ಮುಂದೆ ‘ಬಲಗೈ’ ಎಂದು ಹೇಳಿದವಳು ನಾನು. ಸುವರ್ಣಾ ಅಲ್ಲ. ಅವಳು ಎಡಚಿ ಎಂಬುದು ನನಗೆ ಗೊತ್ತಿತ್ತು — ಗೊತ್ತಿದ್ದೇ ಹೇಳಿದೆ. ಏಳು ವರ್ಷ ನುಂಗಿಕೊಂಡಿದ್ದ ಮಾತು ಇದು. ಈಗ ಅವಳು ಆಪರೇಷನ್ ಕೋಣೆಯೊಳಗಿದ್ದಾಳೆ. ನಾನು ಹೊರಗೆ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಸುವರ್ಣಾ ನನ್ನ ಓರಗಿತ್ತಿ, ಮೈದುನನ ಹೆಂಡತಿ. ಬುಕ್ಕಸಾಗರದವಳು. ಸಂಡೂರಿನ ನಮ್ಮ ಮನೆಗೆ ಬಂದ ಮೊದಲ ವಾರ, ನಾಲ್ಕು ಜನ ಊಟಕ್ಕೆ ಕೂತಾಗ ಎಡಗೈಯಲ್ಲಿ ಸಾರು ಬಡಿಸಿದಳು. ಅತ್ತೆ ಸೌಟು ಕಸಿದುಕೊಂಡರು. “ಎಡಗೈಲೆ ನೀಡ್ತಾರೇನ ಯಾರಾದ್ರೂ? ನಿಮ್ಮವ್ವ ಇದನ್ನೊಂದು ಮುಚ್ಚಿಟ್ಟು ಮದುವಿ ಮಾಡ್ಯಾಳ ನೋಡು!” ಅಂದಿನಿಂದ ಹೊರಗಿನವರು ಬಂದರೆ ಸಾಕು, ಅವಳು ಎಡಗೈಯನ್ನು ಸೆರಗಿನೊಳಗೆ ಸುತ್ತಿಕೊಂಡು ನಿಲ್ಲುತ್ತಿದ್ದಳು. ಆ ದಿನ ನನಗೆ ಖುಷಿಯಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ.

ಆ ಖುಷಿ ಬಹಳ ದಿನ ಉಳಿಯಲಿಲ್ಲ. ಅದಿರಿನ ಲಾರಿಗಳು ಇರುವೆ ಸಾಲಿನಂತೆ ಓಡಲು ಶುರುವಾದ ಕಾಲ ಅದು. ಬೇವಿನ ಎಲೆ ಕೆಂಪು, ಮಾಳಿಗೆ ಕೆಂಪು, ಮುಚ್ಚಿಡಲು ಮರೆತರೆ ಹಾಲಿನ ಕೆನೆಯೂ ಕೆಂಪು. ನನ್ನ ಗಂಡ ಯಶವಂತನಗರದಲ್ಲಿ ಲಾರಿ ತೂಗುವ ಕಡೆ ಗುಮಾಸ್ತ. ಬೆಳಿಗ್ಗೆ ಬಿಳಿ ಅಂಗಿಯಲ್ಲಿ ಹೋದವರು ಸಂಜೆ ಇಟ್ಟಿಗೆ ಬಣ್ಣದಲ್ಲಿ ಬರುತ್ತಿದ್ದರು. ಹಳ್ಳದ ಬಂಡೆಯ ಮೇಲೆ ನಾನು ಎಷ್ಟು ಕುಕ್ಕಿದರೂ ಆ ಕಾಲರಿನ ಕೆಂಪು ಬಿಡುತ್ತಿರಲಿಲ್ಲ. ಸುವರ್ಣಾ ಅಂಗಿಯನ್ನು ಹಿಂಡಿ, ಎಡಗೈಯನ್ನು ತಲೆಯ ಮೇಲಕ್ಕೆತ್ತಿ ಬಂಡೆಗೆ ಬಡಿದಳೆಂದರೆ — ಆ ಸದ್ದೇ ಬೇರೆ. ನೀರು ಕೆಂಪಾಗಿ ಹರಿದುಹೋಗುತ್ತಿತ್ತು.

ಒಂದು ದಿನ ನನ್ನ ಗಂಡ ಎರಡು ಅಂಗಿ ಎತ್ತಿ ಹಿಡಿದರು. “ಇದು ಸುವರ್ಣಾ ಒಗದಿದ್ದು, ಮಲ್ಲಿಗಿ ಆಗೈತಿ. ಇದು ನಿಂದು — ಇನ್ನಾ ಗುಡ್ಡದಾಗ ಐತಿ!” ಎಲ್ಲರೂ ನಕ್ಕರು. “ಎಡಗೈ ಆದ್ರೇನು, ಆ ಕೈಯಾಗ ಲಕ್ಷ್ಮಿ ಅದಾಳ,” ಎಂದರು ಅತ್ತೆ. ಸೌಟು ಕಸಿದುಕೊಂಡಿದ್ದರಲ್ಲ, ಅದೇ ಅತ್ತೆ! ನಾನೂ ನಕ್ಕೆ. ಆದರೆ ಅದು ನನ್ನ ಗಂಡನ ಅಂಗಿ. ಎಂಟು ವರ್ಷ ನಾನು ಒಗೆದ ಅಂಗಿ...

ಮೆಟ್ರಿಯಲ್ಲಿ ನನ್ನನ್ನು ಬೆಳೆಸಿದ ಅಜ್ಜಿ ಹೇಳುತ್ತಿದ್ದಳು — ಒಲೆಯ ಕಿಚ್ಚು ಅನ್ನ ಬೇಯಿಸುತ್ತದೆ, ಹೊಟ್ಟೆಯ ಕಿಚ್ಚು ಮನೆಯವರನ್ನು ಬೇಯಿಸುತ್ತದೆ. ನಾನು ಆ ಮಾತನ್ನು ನಾಲ್ಕು ಮಂದಿಗೆ ಹೇಳಿ ನಗಿಸುತ್ತಿದ್ದೆ. ನನಗೆ ಹೇಳಿಕೊಳ್ಳಲಿಲ್ಲ.

ಆ ವರ್ಷವೇ ಸುವರ್ಣಾ ಎರಡು ಸಲ ತಲೆ ತಿರುಗಿ ಬಿದ್ದಳು. ಹೃದಯದ ಬಡಿತ ತೀರ ನಿಧಾನವಾಗಿದೆ, ಪೇಸ್‌ಮೇಕರ್ ಇಡಬೇಕು ಎಂದರು. ಭುಜದ ಕೆಳಗೆ ಚರ್ಮದೊಳಗೆ ಒಂದು ಪುಟ್ಟ ಮಷಿನ್, ಅದರಿಂದ ಹೃದಯಕ್ಕೆ ವೈರು. ಡಾಕ್ಟರ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. “ಯಾವ ಕೈಲೆ ಕೆಲಸ ಮಾಡ್ತೀರಮ್ಮ? ಆ ಕೈ ಬಿಟ್ಟು ಇನ್ನೊಂದು ಕಡೆ ಇಡ್ತೀವಿ. ದುಡಿಯೋ ಕೈ ಕಡೆ ಇಟ್ರೆ ವೈರು ಸವೀತಾವ,” ಎಂದರು ಡಾಕ್ಟರು.

ಸುವರ್ಣಾಳ ಎಡಗೈ ಮೆಲ್ಲಗೆ ಸೆರಗಿನೊಳಗೆ ಹೋಯಿತು. ನನ್ನ ಮುಖ ನೋಡಿದಳು.

“ಬಲಗೈ ರೀ,” ಎಂದೆ.

ಯೋಚಿಸಲಿಲ್ಲವೇ? — ಯೋಚಿಸಿದೆ. ಒಂದು ಉಸಿರಿನಷ್ಟು ಹೊತ್ತು. ಮಷಿನ್ ಎಡಕ್ಕೇ ಇರಲಿ, ಆ ಕೈ ಒಂದಷ್ಟು ಕಾಲ ಮೇಲೇಳದಿರಲಿ ಎಂದು. ಅವಳು ಸಾಯಲಿ ಎಂದುಕೊಳ್ಳಲಿಲ್ಲ. ಆದರೆ ಆ ಒಂದು ಉಸಿರಿನಲ್ಲಿ ಅವಳ ಹೃದಯ ನೆನಪಾಗಲಿಲ್ಲ, ಬಿಳಿ ಅಂಗಿ ನೆನಪಾಯಿತು.

ಮೂರು ತಿಂಗಳು ಆ ಕೈ ಸುಮ್ಮನಿತ್ತು. ಅಷ್ಟೇ. ಆಮೇಲೆ ಅವಳು ಮತ್ತೆ ಬಂಡೆಯ ಮುಂದೆ ನಿಂತಳು. ಡಾಕ್ಟರ ಮಾತನ್ನು ಅವಳು ಮರೆತಿದ್ದಳೋ ಏನೋ, ಆ ಕೈ ಮೇಲೆದ್ದಾಗಲೆಲ್ಲ ಒಳಗೆ ವೈರು ಸವೆಯುತ್ತದೆಂದು ನಾನು ಮರೆತಿರಲಿಲ್ಲ. ಪಕ್ಕದಲ್ಲೇ ಕೂತು ಸೋಪು ಹಚ್ಚಿಕೊಡುತ್ತಿದ್ದೆ. ಬೇಡ ಎನ್ನಬಹುದಿತ್ತು. ಎಂದರೆ ಯಾಕೆ ಎಂದು ಕೇಳುತ್ತಾರೆ, ಕೇಳಿದರೆ — ಹೀಗೆ ಏಳು ವರ್ಷ.

ಹೋದ ತಿಂಗಳು ಅದೇ ಬಂಡೆಯ ಮೇಲೆ ಕುಸಿದಳು. ಡಾಕ್ಟರು ಎಕ್ಸ್‌ರೇ ತೋರಿಸಿದರು: ಕೊರಳೆಲುಬಿನ ಕೆಳಗೆ ವೈರು ನಜ್ಜುಗುಜ್ಜಾಗಿದೆ. ಬ್ಯಾಟರಿಯೂ ಮುಗಿಯುತ್ತಾ ಬಂದಿದೆ. ಬ್ಯಾಟರಿ ಒಂದೇ ಆಗಿದ್ದರೆ ಸಣ್ಣ ಕೆಲಸ. ರಕ್ತನಾಳಕ್ಕೆ ಅಂಟಿಕೊಂಡ ಹಳೆಯ ವೈರು ಎಳೆದು ತೆಗೆಯುವುದೇ ಅಪಾಯ. ಹೊಸದನ್ನೆಲ್ಲ ಬಲಕ್ಕೆ ಇಡಬೇಕು.

“ಅಕಿ ಮೊದ್ಲಿಂದ್ಲೂ ಎಡಚಿ ರೀ,” ಎಂದರು ಅತ್ತೆ.

ಡಾಕ್ಟರು ಹಳೆಯ ಫೈಲು ತಿರುವಿದರು. “ಇಲ್ಲಿ ಬಲಗೈ ಅಂತ ಬರೆದೈತಲ್ಲ?”

ಸುವರ್ಣಾಳೇ ಹೇಳಿದಳು, “ನಾಚಿಕಿ ಆಗಿ ನಾನ ಹಂಗ ಹೇಳಿದ್ದೆ ರೀ.” ಅತ್ತೆ ಹಣೆ ಬಡಿದುಕೊಂಡರು. “ಜೀವಕ್ಕಿಂತ ನಾಚಿಕಿ ದೊಡ್ಡದಾತೇನ ಹುಚ್ಚಿ!” ಬೈಸಿಕೊಂಡವಳು ಅವಳು. ಹೊರಗೆ ಬಂದ ಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ಅಕ್ಕ, ಅವತ್ತು ನನ್ನ ಮಾನ ಉಳಸಾಕ ಸುಳ್ಳು ಹೇಳಿದಿ. ನಿನ್ನ ಹೆಸರು ಯಾಕ ತರಲಿ?”

ಏಳು ವರ್ಷ ಅವಳು ಹಾಗೆ ತಿಳಿದಿದ್ದಳು. ನಾನು ಅವಳ ಮಾನ ಕಾಯ್ದೆನೆಂದು.

ನಿನ್ನೆ ಮಧ್ಯಾಹ್ನ ಅವಳಿಗೆ ನಿಜ ಹೇಳಿಬಿಟ್ಟೆ. ಅತ್ತೆ ಎಳನೀರು ತರಲು ಹೋಗಿದ್ದರು. ಇಂಥ ಆಪರೇಷನ್ನಿನ ಹಿಂದಿನ ದಿನ ಹೇಳಬಾರದಿತ್ತೇನೋ — ನನ್ನ ಎದೆಯ ಭಾರ ಇಳಿಸಿಕೊಳ್ಳಲು ಅವಳ ಎದೆಯ ಮೇಲಿಟ್ಟೆನೇನೋ. ಅವಳ ಎಡಗೈ ನನ್ನ ಕೈಯೊಳಗಿತ್ತು. “ಮಾನಕ್ಕಲ್ಲ ಸುವರ್ಣಾ, ಹೊಟ್ಟಿಕಿಚ್ಚಿಗೆ ಹೇಳಿದೆ. ಈ ಕೈ ನಿಲ್ಲಲಿ ಅಂತ ಹೇಳಿದೆ,” ಎಂದೆ.

ಅವಳು ಕೇಳಿದಳು: “ಅಂಗಿ ಸಲುವಾಗಿ?”

“ಹೂಂ.”

“ಒಗೀಬ್ಯಾಡ ಅಂದಿದ್ರ ನಾ ಒಗೀತಿರಲಿಲ್ಲಲ್ಲ ಅಕ್ಕ.” ಅಷ್ಟೇ. ಕೈಯನ್ನು ಮೆಲ್ಲಗೆ ಬಿಡಿಸಿಕೊಂಡು ಸೆರಗಿನೊಳಗೆ ಇಟ್ಟುಕೊಂಡಳು — ಹೊರಗಿನವರ ಮುಂದೆ ಇಡುತ್ತಿದ್ದಳಲ್ಲ, ಹಾಗೆ.

ಒಳಗೆ ಹೋಗುವ ಮುಂಚೆ ಬಳೆ ತೆಗೆಯಿಸುತ್ತಾರೆ. ಏಳು ವರ್ಷದ ಹಿಂದೆ ಹಸಿರು ಬಳೆಗಳನ್ನು ತೆಗೆದು, “ಅಕ್ಕ, ಒಡೀದಂಗ ಇಟ್ಕಾ, ಬಂದು ಹಾಕ್ಕೋತೀನಿ,” ಎಂದು ನನ್ನ ಕೈಗೇ ಕೊಟ್ಟಿದ್ದಳು. ಇವತ್ತು ಬೆಳಿಗ್ಗೆ ನಾನು ಕೈ ಚಾಚಿದೆ. ಅವಳು ನನ್ನನ್ನು ದಾಟಿ ಅತ್ತೆಯನ್ನು ಕರೆದು, ಅವರ ಉಡಿಯಲ್ಲಿ ಹಾಕಿದಳು.

ಅತ್ತೆ ಈಗ ಎದುರಿನ ಬೆಂಚಿನಲ್ಲಿ ಆ ಬಳೆಗಳನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಕೂತಿದ್ದಾರೆ. ನೋಡಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಮತ್ತೆ ಉರಿ ಏಳುತ್ತದೆ. ಹೌದು, ಈಗಲೂ. ಅವಳು ಆ ಬಾಗಿಲಾಚೆ ಮಲಗಿರುವಾಗಲೂ.

ಬಳೆ ನನಗೆ ಕೊಡಿ ಎಂದು ಕೇಳುವುದಿಲ್ಲ. ಬಾಗಿಲು ತೆರೆದ ಮೇಲೆ, ‘ಬಲಗೈ’ ಎಂದವಳು ನಾನೆಂದು ಡಾಕ್ಟರಿಗೂ ಅತ್ತೆಗೂ ಹೇಳುತ್ತೇನೆ. ಬೈಗುಳ ಅವಳ ಹೆಸರಿನಲ್ಲಿ ಇರಬಾರದು.

ಬಾಗಿಲು ಇನ್ನೂ ತೆರೆದಿಲ್ಲ.