ಅಂಧೇರಿಯ ಖೋಲಿಗೆ ಬಂದ ಕೂಲರ್

ನಿಮ್ಮಪ್ಪನಿಗೆ ಆಗ ಎಂಟು ತಿಂಗಳು. ಎಪ್ಪತ್ತರ ದಶಕದ ಮೊದಲ ವರ್ಷಗಳು, ಮೇ ತಿಂಗಳು. ಅಂಧೇರಿ ಸ್ಟೇಷನ್ನಿನ ಹತ್ತಿರ ಒಂದು ಹಳೆಯ ಬಿಲ್ಡಿಂಗಿನಲ್ಲಿ ನಮಗೆ ಒಂದು ಖೋಲಿ, ಒಂದು ಅಡುಗೆಮನೆ ಇತ್ತು. ಕೂಸಿನ ಕುತ್ತಿಗೆ, ಬೆನ್ನು, ಕಂಕುಳೆಲ್ಲ ಬೆವರುಸಾಲೆ ಎದ್ದು ಕೆಂಪಗಾಗಿತ್ತು. ಎತ್ತಿಕೊಂಡರೂ ಅಳು, ಮಲಗಿಸಿದರೂ ಅಳು. ನಿಮ್ಮ ಅಜ್ಜ ಆಫೀಸಿನಿಂದ ಬರುವಾಗ ಸಾಂತಾಕ್ರೂಜಿನಲ್ಲಿ ಇಳಿದು, ಅಲ್ಲಿಯ ಒಂದು ಅಂಗಡಿಯಲ್ಲಿ ಕೂಲರ್ ನೋಡಿ, ಬೋನಸ್ಸಿನಲ್ಲಿ ಉಳಿದದ್ದನ್ನೆಲ್ಲ ಕೊಟ್ಟು, ಕೈಗಾಡಿಯ ಮೇಲೆ ಹೇರಿಸಿ ತಂದುಬಿಟ್ಟರು. ನನ್ನನ್ನು ಕೇಳಲಿಲ್ಲ. ಆಗ ಹೆಂಗಸರನ್ನು ಕೇಳುವ ಪದ್ಧತಿ ಇರಲಿಲ್ಲ ಎಂದು ನೀವು ಅವರ ಪರ ಮಾತಾಡಬಹುದು. ಇರಲಿಲ್ಲ, ನಿಜ. ನನಗೆ ಸಿಟ್ಟು ಇರುವುದೇ ಅದಕ್ಕೆ.

ಅದೊಂದು ದೊಡ್ಡ ತಗಡಿನ ಪೆಟ್ಟಿಗೆ. ಮೂರು ಬದಿಗೆ ಒಣಹುಲ್ಲು ತುಂಬಿದ ಜಾಳಿಗೆ, ಒಳಗೆ ಫ್ಯಾನು, ತಳದಲ್ಲಿ ನೀರು, ಅದನ್ನು ಮೇಲೆತ್ತುವ ಪುಟ್ಟ ಪಂಪು. ನೀರು ಹುಲ್ಲಿನ ಮೇಲೆ ಇಳಿಯುತ್ತದೆ, ಫ್ಯಾನು ಆ ಒದ್ದೆ ಹುಲ್ಲಿನ ಮೂಲಕ ಗಾಳಿ ಎಳೆದು ಹೊರಗೆ ಬಿಡುತ್ತದೆ. ಇದು ನಮಗೆ ಹೊಸದಲ್ಲ. ಬಿಜಾಪುರದ ಕಡೆ ಬೇಸಿಗೆಯಲ್ಲಿ ಹತ್ತು ಗಂಟೆಯೊಳಗೆ ಬಾಗಿಲು, ಕಿಟಕಿ ಮುಚ್ಚಿ, ಗಾಳಿ ಬರುವ ಒಂದೇ ಬಾಗಿಲಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಹೊಡೆಯುತ್ತಿದ್ದೆವು. ಹೊರಗಿನ ಒಣ ಝಳ ತಟ್ಟಿಯೊಳಗಿಂದ ಹಾಯ್ದು ಬರುವಾಗ ಕೊಡದ ನೀರಿನಷ್ಟು ತಣ್ಣಗಾಗುತ್ತಿತ್ತು. ನಿಮ್ಮ ಅಜ್ಜನ ತಲೆಯಲ್ಲಿ ಇದ್ದದ್ದು ಆ ಮನೆ, ಆ ಗಾಳಿ. ಪೆಟ್ಟಿಗೆಯನ್ನು ಖೋಲಿಯ ಮೂಲೆಯಲ್ಲಿಟ್ಟು, ಎರಡೂ ಕಿಟಕಿ ಬಿಗಿದು, ಸಂದಿಗೆ ಹಳೆಯ ಧೋತರದ ಚೂರು ತುರುಕಿದರು. "ಇನ್ನ ನೋಡು, ಊರಾಗ ಮಲಗಿದಂಗ ಮಲಗ್ತಾನ ಕೂಸು" ಅಂದರು.

ಮುಂಬಯಿಯ ಗಾಳಿ ಮೊದಲೇ ಒದ್ದೆ. ಅದಕ್ಕೆ ಇನ್ನಷ್ಟು ನೀರು ಕುಡಿಸಿದರೆ ಏನಾಗುತ್ತದೆ ಎಂಬುದನ್ನು ಆ ಅಂಗಡಿಯವನು ತಿಳಿದಿರಲೇಬೇಕು. ಅವನು ದಿನಾ ಉಸಿರಾಡುತ್ತಿದ್ದದ್ದೂ ಅದೇ ಗಾಳಿ. ತಿಳಿದೂ ಮಾರಿದ. ಎರಡನೆಯ ದಿನಕ್ಕೇ ಉಪ್ಪು ನೀರೊಡೆಯಿತು, ಹಪ್ಪಳ ಮೆತ್ತಗಾದವು, ಕಡ್ಡಿ ಗೀರಿದರೆ ಬೆಂಕಿ ಹತ್ತಲಿಲ್ಲ. ಕೌದಿ ಹಿಂಡಿದರೆ ನೀರು ಬರುವ ಹಾಗಿತ್ತು. ನಮ್ಮ ನಳಕ್ಕೆ ನೀರು ಬರುತ್ತಿದ್ದದ್ದು ಬೆಳಿಗ್ಗೆ ಒಂದೇ ಗಂಟೆ. ಅದರಲ್ಲಿ ಎರಡು ಬಕೆಟ್ ಆ ಪೆಟ್ಟಿಗೆಗೆ, ಕೂಸಿನ ಬಟ್ಟೆಗೆ ಅರ್ಧ ಬಕೆಟ್. ನಾಲ್ಕನೆಯ ದಿನ ಕೂಸು ಕೆಮ್ಮತೊಡಗಿತು. ಆರನೆಯ ದಿನ ಅದರ ಎದೆಗೆ ಕಿವಿ ಇಟ್ಟರೆ ಗೊರಗೊರ ಸದ್ದು.

ನಾನು ಹೇಳಿದೆ. "ಅಲ್ರೀ, ಕೂಸಿಗಿ ಇದರ ಥಂಡಿ ಒಗ್ಗವಲ್ದು, ಎದಿ ಕಟ್ಟೇದ" ಅಂದೆ.

"ನೀ ಖಿಡಕಿ ತಗೀತಿರಬೇಕು ಹಗಲೊತ್ತಿನಾಗ. ಗಾಳಿ ಹೊರಗ ಹೋದ್ರ ಅದು ಹೆಂಗ್ ಕೆಲಸ ಮಾಡ್ತದ?" ಅಂದರು. ಮರುದಿನ ಅಡುಗೆಮನೆಯ ಗವಾಕ್ಷಿಗೂ ರಟ್ಟು ಬಡಿದು ಹೋದರು. ಒಲೆಯ ಹೊಗೆ, ಒದ್ದೆ ಹುಲ್ಲಿನ ನಾತ, ಉಸಿರು ಎಳೆಯಲು ಒದ್ದಾಡುವ ಕೂಸು, ನಾನು. ಅವರು ದಿನವಿಡೀ ಫೋರ್ಟಿನ ಆಫೀಸಿನಲ್ಲಿ, ಎತ್ತರದ ಕಿಟಕಿಗಳ ಕೆಳಗೆ, ಸಮುದ್ರದ ಗಾಳಿಯಲ್ಲಿ.

ಒಂಬತ್ತನೆಯ ದಿನ ಮಧ್ಯಾಹ್ನ ಕರೆಂಟು ಹೋಯಿತು. ಕಿಟಕಿ ಬಿಗಿದ ಖೋಲಿಯ ಕತ್ತಲೆಯಲ್ಲಿ ಕೂಸಿನ ಮುಖ ಕಾಣಲಿಲ್ಲ. ತುಟಿ ನೀಲಿಯಾಗಿದೆಯೋ ಏನೋ ಎಂದು ಹೆದರಿ ಧೋತರದ ಚೂರುಗಳನ್ನು ಕಿತ್ತೆಸೆದು ಎರಡೂ ಕಿಟಕಿ ತೆರೆದೆ. ಪಡುವಣದಿಂದ ಗಾಳಿ ನುಗ್ಗಿ ಬಂತು. ತುಟಿ ಕೆಂಪಗೇ ಇತ್ತು. ಸ್ವಲ್ಪ ಹೊತ್ತಿಗೆ ಕೂಸು ನನ್ನ ಹೆಗಲ ಮೇಲೆ ನಿದ್ದೆ ಹೋಯಿತು. ಅಷ್ಟು ದಿನದಲ್ಲಿ ಮೊದಲನೆಯ ನಿದ್ದೆ.

ಕರೆಂಟು ಬಂದ ಮೇಲೆ ನಾನು ಜಾಳಿಗೆ ಬಿಚ್ಚಿ, ಕೊಳೆತ ಹುಲ್ಲನ್ನೆಲ್ಲ ಕಿತ್ತು ಕಸದ ಡಬ್ಬಿಗೆ ಹಾಕಿದೆ. ನೀರು ಚೆಲ್ಲಿದೆ. ಬರೀ ಫ್ಯಾನು ತಿರುಗಲು ಬಿಟ್ಟೆ. ಅವರು ಬರುವ ಹೊತ್ತಿಗೆ ಜಾಳಿಗೆಯನ್ನು ಮೊದಲಿನ ಹಾಗೆ ಸಿಕ್ಕಿಸಿ, ಪಕ್ಕದ ಬಿಲ್ಡಿಂಗಿನ ಗೋಡೆಯ ಕಡೆಗಿನ ಕಿಟಕಿ ಮಾತ್ರ ತೆರೆದಿಟ್ಟು ಅದರ ಮೇಲೆ ಸೀರೆ ಒಣಹಾಕಿದೆ. ಕಣ್ಣೆದುರು ನಿಂತು ಹೇಳುವ ಧೈರ್ಯ ನನಗಿರಲಿಲ್ಲ. ಅವರು ಬಂದು, ಪೆಟ್ಟಿಗೆಯ ಮುಂದೆ ಅಂಗೈ ಹಿಡಿದು, ಈಗ ಸರಿಯಾಗಿ ತಣ್ಣಗೆ ಬರುತ್ತಿದೆ ಅಂದರು. ಒಂದು ಹನಿ ನೀರಿಲ್ಲದ ಕೂಲರಿಗೆ. ವಾರದಲ್ಲಿ ಕೆಮ್ಮು ಇಳಿಯಿತು, ಬೆವರುಸಾಲೆಯೂ ಬಾಡಿತು. ಪೆಟ್ಟಿಗೆ ಕೂಸನ್ನು ಉಳಿಸಿತು ಎಂದು ಬಿಲ್ಡಿಂಗಿನಲ್ಲೆಲ್ಲ ಹೇಳಿಕೊಂಡು ಬಂದರು. ನಾನು ಸುಮ್ಮನಿದ್ದೆ. ಆ ಸುಮ್ಮನಿದ್ದದ್ದಕ್ಕೆ ನನ್ನ ಮೇಲೂ ನನಗೆ ಸಿಟ್ಟಿದೆ.

ಅದೇ ತಿಂಗಳ ಕೊನೆಯ ಭಾನುವಾರ ಅವರ ಆಫೀಸಿನ ಗೆಳೆಯರೊಬ್ಬರು ದಹಿಸರಿನಿಂದ ಬಂದರು. ಧಾರವಾಡದ ಕಡೆಯವರು. ಹೆಂಡತಿ ಬಾಣಂತನ ಮುಗಿಸಿ ಮೂರು ತಿಂಗಳ ಕೂಸಿನ ಜೊತೆ ತವರಿನಿಂದ ಬರುವವಳಿದ್ದಳು. ಅವಳು ಬರುವುದರೊಳಗೆ ಇಂಥದ್ದೇ ಒಂದು ತಂದಿಡಬೇಕು, ಅಂಗಡಿ ಯಾವುದು ಎಂದು ಕೇಳಿದರು. ನಿಮ್ಮ ಅಜ್ಜ ಕಾಗದ ತೆಗೆದು ವಿಳಾಸ ಬರೆಯತೊಡಗಿದರು. ಕಿಟಕಿ ಹೇಗೆ ಬಿಗಿಯಬೇಕು ಎಂಬುದನ್ನೂ ಹೇಳುತ್ತಿದ್ದರು.

ಪರಗಂಡಸರ ಎದುರು ನಾನು ಅದುವರೆಗೆ ಚಹಾ ಇಟ್ಟು ಒಳಗೆ ಬಂದವಳೇ ಹೊರತು ಬಾಯಿ ತೆರೆದವಳಲ್ಲ. ಆ ದಿನ ಅಡುಗೆಮನೆಯ ಬಾಗಿಲಲ್ಲೇ ನಿಂತೆ.

"ಅಣ್ಣಾರ, ತರಬ್ಯಾಡ್ರಿ. ಇದರಾಗ ನೀರ ಇಲ್ಲ, ಹುಲ್ಲೂ ಇಲ್ಲ. ನಾನ ಕಿತ್ತೊಗದೀನಿ. ಖಿಡಕಿ ತಗದ ಮ್ಯಾಲೆ ನಮ್ಮ ಕೂಸು ಉಸಿರಾಡ್ತು."

ಗೆಳೆಯರು ನನ್ನ ಕಡೆ ನೋಡಲಿಲ್ಲ. ನಿಮ್ಮ ಅಜ್ಜನನ್ನು ನೋಡಿ, "ವೈನಿಯವರು ಏನೋ ಅಂತಾರಲ್ಲೋ" ಅಂದರು. ನಿಮ್ಮ ಅಜ್ಜ ಪೆನ್ನು ಎತ್ತಲೇ ಇಲ್ಲ. "ಅಕೀಗೇನ್ ಗೊತ್ತು, ಮಷೀನಿನ ವಿಷಯ" ಅಂದರು.

ನಾನು ಮುಂದೆ ಬಂದು ಜಾಳಿಗೆ ಕಿತ್ತು ಅವರಿಬ್ಬರ ನಡುವೆ ಇಟ್ಟೆ. ಒಳಗೆ ಒಂದು ಕಡ್ಡಿ ಹುಲ್ಲಿರಲಿಲ್ಲ. ಗೆಳೆಯರು ಬಗ್ಗಿ ಪೆಟ್ಟಿಗೆಯ ತಳ ಮುಟ್ಟಿ ನೋಡಿದರು. ಬೆರಳಿಗೆ ಧೂಳು ಹತ್ತಿತು. ವಿಳಾಸದ ಕಾಗದವನ್ನು ಅವರು ಮೇಜಿನ ಮೇಲೆಯೇ ಬಿಟ್ಟು ಹೋದರು. ನಿಮ್ಮ ಅಜ್ಜ ನನ್ನ ಜೊತೆ ಮೂರು ದಿನ ಮಾತಾಡಲಿಲ್ಲ. ಆ ಮೂರು ದಿನವೂ ಎರಡು ಕಿಟಕಿ ಪೂರಾ ತೆರೆದೇ ಇದ್ದವು.