ದೊಡ್ಡವ್ವ ಒಲ್ಲೆನೆಂದ ಗೆಲುವು

ಹೋದ ವಾರ ವಿಜಯಪುರದ ಬಜಾರಿನಲ್ಲಿ ಕಿರಾಣಿ ಅಂಗಡಿಯವನು ಯಾವುದೋ ಡಬ್ಬಿಯ ಮುಚ್ಚಳ ತೆಗೆದ. ಜೇಷ್ಠಮಧುವಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು. ನಾನು ಹೋದದ್ದು ತೊಗರಿಬೇಳೆಗೆ. ಮರಳಿ ಬಂದದ್ದು ಬೇಳೆ ಮರೆತು, ಬಾಯಲ್ಲಿ ಜೇಷ್ಠಮಧುವಿನ ಕಡ್ಡಿ ಜಗಿಯುತ್ತ. ಹೆಂಡತಿ ಏನೆಂದಳೆಂದು ಬರೆಯುವುದಿಲ್ಲ. ನಿಮಗೂ ಮನೆ ಇದೆ, ಊಹಿಸಿಕೊಳ್ಳಿ.

ಆ ವಾಸನೆ ನನ್ನ ಪಾಲಿಗೆ ಔಷಧಿಯದಲ್ಲ, ನಮ್ಮ ನೀಲವ್ವ ದೊಡ್ಡವ್ವನದು. ಹಾಡುವ ಗಂಟಲಿಗೆ ಒಳ್ಳೆಯದೆಂದು ಅವಳ ಸೆರಗಿನ ತುದಿಯಲ್ಲಿ ಸದಾ ಒಂದು ಕಡ್ಡಿ ಗಂಟು ಬಿದ್ದಿರುತ್ತಿತ್ತು. ಅವ್ವ ನನ್ನನ್ನು ಹೆತ್ತು ಹಾಸಿಗೆ ಹಿಡಿದಾಗ ತಿಕೋಟಾದ ತನ್ನ ಮನೆಗೆ ಒಯ್ದು ಬೆಳೆಸಿದವಳು ಅವ್ವನ ಈ ಅಕ್ಕನೇ. ಅವಳಿಗೆ ಸ್ವಂತ ಮಕ್ಕಳಿರಲಿಲ್ಲ. ಹಗಲೆಲ್ಲ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಕಡ್ಡಿ ಆರಿಸುವ ಕೆಲಸ. ಅವಳು ದನಿ ಎತ್ತಿದರೆ ಸುತ್ತಲಿನ ಹೆಂಗಸರ ಕೈ ನಿಂತು ಬಿಡುತ್ತಿತ್ತು. ಮಾಲೀಕ ಬೈಯಲೆಂದು ಬಂದವನು ತಾನೂ ಗೋಣಿಚೀಲದ ಮೇಲೆ ಕೂತು ಕೇಳುತ್ತಿದ್ದ.

ಅವಳು ಹಾಡುತ್ತಿದ್ದದ್ದು ಗೀಗೀ ಪದ; ಅದರಲ್ಲೂ ಹರದೇಶಿ-ನಾಗೇಶಿಯ ವಾದದ ಪದ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ದೂರದವರಿಗೆ ಹೇಳುತ್ತೇನೆ. ಒಂದು ಮೇಳ ಗಂಡು ಹೆಚ್ಚು ಎನ್ನುತ್ತದೆ, ಅದು ಹರದೇಶಿ. ಇನ್ನೊಂದು ಹೆಣ್ಣು ಹೆಚ್ಚು ಎನ್ನುತ್ತದೆ, ಅದು ನಾಗೇಶಿ. ದಪ್ಪು ಬಡಿಯುತ್ತ, ತುಂತುಣಿ ಮೀಟುತ್ತ, ಶಿವನಿಂದ ಹಿಡಿದು ಸಂತೆಗೆ ಹೋದ ಗಂಡನವರೆಗೆ ಎಲ್ಲರನ್ನೂ ಎಳೆತಂದು ಹಾಡಿನಲ್ಲೇ ಜಗಳ. ದೊಡ್ಡವ್ವ ನಾಗೇಶಿ. ಅವಳ ಎದುರು ಹರದೇಶಿ ಹಾಡುತ್ತಿದ್ದವರು ನಿಡೋಣಿಯ ಮೌಲಾಸಾಬರು. ಹೊಲದಲ್ಲಿ ಎತ್ತು ಹೊಡೆಯುತ್ತಲೇ ಪದ ಕಟ್ಟುವ ಮನುಷ್ಯ. ಮೀಸೆ ದೊಡ್ಡದು, ನಗು ಅದಕ್ಕಿಂತ ದೊಡ್ಡದು. ಇಬ್ಬರೂ ಬರುತ್ತಾರೆಂದರೆ ಸುತ್ತಲ ಹಳ್ಳಿಯವರು ಬಂಡಿ ಕಟ್ಟಿಕೊಂಡು ಬರುತ್ತಿದ್ದರು.

ಈ ಹಾಡಿಗೊಂದು ಕಟ್ಟಳೆ ಉಂಟು. ದೇವಲೋಕವನ್ನು ಬೇಕಾದರೆ ಬೈಯಿರಿ, ಎದುರಿನವರ ಮನೆಯೊಳಗೆ ಕಾಲಿಡಬಾರದು. ಕನಮಡಿಯಲ್ಲಿ ಒಮ್ಮೆ ರಾತ್ರಿ ಶುರುವಾದ ವಾದ ಬಿಸಿಲೇರಿದರೂ ಮುಗಿದಿರಲಿಲ್ಲ. ನಾನಾಗ ಕಾಲೇಜಿನಲ್ಲಿದ್ದೆ, ಮುಂದಿನ ಸಾಲಿನಲ್ಲೇ ಕೂತಿದ್ದೆ. ದೊಡ್ಡವ್ವ ತಾಯ್ತನದ ಹಿರಿಮೆ ಹಾಡಿ ಜನರನ್ನು ಗೆದ್ದುಕೊಂಡಿದ್ದಳು. ಸೋಲು ಎದುರಿಗೆ ಬಂದಾಗ ಮೌಲಾಸಾಬರ ಬಾಯಿ ಜಾರಿತು: ‘ತೊಟ್ಟಿಲ ತೂಗದ ಕೈ ತಾಯ್ತನವ ಏನ ಬಲ್ಲದು?’ ಅಂದುಬಿಟ್ಟರು.

ಚಪ್ಪಾಳೆ ಬೀಳಲಿಲ್ಲ. ದೊಡ್ಡವ್ವ ದಪ್ಪನ್ನು ಬೋರಲು ಹಾಕಿ ಕೆಳಗಿಳಿದಳು. “ನಡಿ ಮಗಾ” ಎಂದು ನನ್ನ ಕೈ ಹಿಡಿದಳು. ಅವಳು ತೂಗಿದ ತೊಟ್ಟಿಲಲ್ಲಿ ಮಲಗಿದವನು ನಾನು.

ಅಂದಿನಿಂದ ಅವರಿಬ್ಬರೂ ಒಂದೇ ಕಟ್ಟೆ ಹತ್ತಲಿಲ್ಲ. ಬೇರೆ ಬೇರೆ ಜೊತೆ ಹುಡುಕಿಕೊಂಡು ಹಾಡಿದರು, ಎಳೆಯರಿಗೆ ಕಲಿಸಿದರು, ಕೂದಲು ಬೆಳ್ಳಗಾಯಿತು. “ಹಾಡು ಹೆಂಗಿತ್ತು ದೊಡ್ಡವ್ವಾ?” ಎಂದು ಕೇಳಿದರೆ, “ಗೆದ್ನಿ. ಆದ್ರ ಉಪ್ಪಿಲ್ಲದ ಅಂಬಲಿ ಕುಡದಂಗಾತು” ಎನ್ನುತ್ತಿದ್ದಳು.

ಹಿಂಗಿರುವಾಗ ಕೆಲ ವರ್ಷಗಳ ಕೆಳಗೆ ವಿಜಯಪುರದಲ್ಲಿ ಬಾಳೆಲ್ಲ ಹಾಡಿ ಕುಣಿದು ಮುಪ್ಪಾದವರಿಗೆ ಸನ್ಮಾನವೆಂದು ಸುದ್ದಿ ಬಂತು. ದೊಡ್ಡವ್ವನೂ ಇದ್ದಳು, ಮೌಲಾಸಾಬರೂ ಇದ್ದರು.

“ಆಂವ ಬರ್ತಾನಂದ್ರ ನಾ ಒಲ್ಲೆ” ಎಂದಳು ದೊಡ್ಡವ್ವ.

ನಾನು ಬ್ಯಾಂಕಿನಲ್ಲಿ ಕೆಲಸ ಮಾಡಿದವನು. ಸಿಟ್ಟಿನ ಗಿರಾಕಿಯನ್ನು ಸಮಾಧಾನಿಸುವ ಮಾತು ನನಗೆ ಬಾಯಿಪಾಠ. ಕ್ಷಮೆ, ಶಾಂತಿ ಎಂದೆಲ್ಲ ಒಂದು ತಾಸು ಹೇಳಿದೆ. ಪೂರ್ತಿ ಕೇಳಿ ಆಕಳಿಸಿದಳು. ಆಮೇಲೆ ತಾನೇ, “ನಾ ಹೋಗ್ಲಿಲ್ಲಂದ್ರ ಅಂಜಿ ಮನ್ಯಾಗ ಕುಂತಾಳಂತಾನ. ಇಳಕಲ್ ಸೀರಿ ತಗಿ” ಎಂದಳು.

ವೇದಿಕೆಯ ಮೇಲೆ ಡೊಳ್ಳಿನವರು, ಹೆಜ್ಜೆ ಕುಣಿತದವರು, ಸೋಬಾನದ ಮುದುಕಿಯರು ಸಾಲಾಗಿ ಕೂತಿದ್ದರು. ಏನೂ ಅರಿಯದ ಸಂಘಟಕರು ಇವರಿಬ್ಬರ ಕುರ್ಚಿಗಳನ್ನು ಒತ್ತಿಗೊತ್ತಿ ಹಾಕಿಬಿಟ್ಟಿದ್ದರು. ದೊಡ್ಡವ್ವ ಮೋರೆಯನ್ನು ಬಾಗಿಲ ಕಡೆಗೆ ತಿರುಗಿಸಿ ಕೂತಳು. ಶಾಲು ಹೊದಿಸಿದರು, ಹಾರ ಹಾಕಿದರು, ಫೋಟೋದವನು “ಅಜ್ಜಿ, ಸ್ವಲ್ಪ ಈ ಕಡಿ ನೋಡ್ರಿ” ಎಂದು ಗೋಗರೆದ. ನೋಡಲಿಲ್ಲ.

ಕಡೆಗೆ ಒಂದು ಪದ ಹಾಡಿರೆಂದು ಮೌಲಾಸಾಬರ ಕೈಗೆ ಮೈಕು ಕೊಟ್ಟರು. ಅವರು ಎದ್ದು, ಶಾಲು ತೆಗೆದು ಕುರ್ಚಿಯ ಮೇಲಿಟ್ಟರು. ಜನರ ಕಡೆಗೆ ತಿರುಗಲೇ ಇಲ್ಲ. ದೊಡ್ಡವ್ವನ ಎದುರು ನಿಂತು ಪದ ಎತ್ತಿಕೊಂಡರು:

ಹೊತ್ತು ಹೆತ್ತಾಕಿ ಒಬ್ಬಾಕೇ ತಾಯಲ್ಲ
ಎತ್ತಿ ಆಡಿಸಿದಾಕಿ ಹೆತ್ತವ್ವ
ತುತ್ತಿನ ಜೋಡಿ ಪದ ಕಲಿಸಿದ ಕೈ ದೊಡ್ಡದು
ಸೋತೇನ ತಂಗಿ ನಿನ ಮುಂದ

ಸಭೆಗೆ ಏನೂ ತಿಳಿಯಲಿಲ್ಲ. ಹರದೇಶಿಯವನು ತಾನಾಗಿ ಸೋಲುವುದನ್ನು ಯಾರೂ ಕಂಡಿರಲಿಲ್ಲ. ತಿಳಿದವನು ನಾನೊಬ್ಬ, ಕನ್ನಡಕ ಒರೆಸುತ್ತ ಕೂತೆ. ದೊಡ್ಡವ್ವ ಮೋರೆ ತಿರುಗಿಸಿದಳು. ಕಣ್ಣುಗಳು ತುಂಬಿದ್ದವು. ಅಳುತ್ತಾಳೆ, ತಬ್ಬಿಕೊಳ್ಳುತ್ತಾಳೆ ಎಂದುಕೊಂಡೆ. ಅವಳು ಎದ್ದವಳೇ ಮೈಕು ಕಸಿದುಕೊಂಡಳು.

“ಏನಲೇ ಮೌಲಾ, ಅಂದ ಮಾತು ನೀ ತಿರುಗಿ ತಗೊಂಡಿ, ನಾ ಬಿಟ್ನಿ. ಅದು ಅಲ್ಲಿಗೆ ಮುಗೀತು. ಆದ್ರ ಇಷ್ಟ ಸಸಾರ ಸೋತಿ ಅಂದ್ರ ನಾ ಇನ್ನ ಯಾರ ಜೋಡಿ ಹಾಡ್ಲೋ? ಈ ಗೆಲುವು ನನಗ ಬ್ಯಾಡ. ಸರಿಯಾಗಿ ವಾದ ಮಾಡು!”

ಮೌಲಾಸಾಬರು ಮೀಸೆ ಒರೆಸಿಕೊಂಡು ನಕ್ಕರು. “ಮಾಡ್ತೇನ್ ಬೇ. ಆಮ್ಯಾಲ ಅಳಬ್ಯಾಡ ಮತ್ತ!” ಎಂದರು. ಯಾರೋ ಡಪ್ಪನೆ ದಪ್ಪು ಬಡಿದರು. ಮುಂದಿನದನ್ನು ನೀವು ನೋಡಬೇಕಿತ್ತು. ಕೂತಿದ್ದ ಮುದುಕರೆಲ್ಲ ಹಾರ ಸಮೇತ ಎದ್ದು ಹಿಮ್ಮೇಳಕ್ಕೆ ನಿಂತರು. ಮುಖ್ಯ ಅತಿಥಿಗಳು ಗಡಿಯಾರ ನೋಡಿದರು, ಆಮೇಲೆ ನೋಡುವುದನ್ನು ಬಿಟ್ಟು ತಾಳ ಹಾಕಿದರು. ಅವರ ಭಾಷಣವನ್ನು ಯಾರೂ ಕೇಳಲಿಲ್ಲ, ಅವರೂ ನೆನಪಿಸಲಿಲ್ಲ.

ಜೇಷ್ಠಮಧು ಜಗಿಯುತ್ತ ಇದನ್ನೆಲ್ಲ ಮೆಲುಕು ಹಾಕುವಾಗಲೇ ದೊಡ್ಡವ್ವನ ಫೋನು ಬಂತು. “ಮೌಲಾನ ಕಣ್ಣಿನ ಆಪರೇಷನ್ ಆಗೈತಿ. ನೋಡ್ಕೊಂಡ ಬರೂಣು, ಬಾ.” ಭಾನುವಾರ ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ನಿಡೋಣಿಗೆ ಹೋದೆವು. ಮೌಲಾಸಾಬರು ಕಪ್ಪು ಕನ್ನಡಕ ಹಾಕಿಕೊಂಡು ಹೊರಸಿನ ಮೇಲೆ ನವಾಬರಂತೆ ಕೂತಿದ್ದರು.

“ಕಣ್ಣ ಕಾಣ್ತಾವೇನೋ?”

“ಕಾಣ್ತಾವ. ನಿನಗ ವಯಸ್ಸಾಗೇತಿ ಅನ್ನೂದೂ ಈಗ ಕಾಣಾಕತ್ತೇತಿ.”

ಅಷ್ಟೇ ಸಾಕಾಯಿತು. ದೊಡ್ಡವ್ವ ಸ್ಟೀಲಿನ ತಾಟು ತೆಗೆದುಕೊಂಡು ಬಡಿಯತೊಡಗಿದಳು. ಡಾಕ್ಟರು ಜೋರಾಗಿ ಹಾಡಬಾರದೆಂದಿದ್ದಾರೆ ಎಂದು ನಾನು ಸಮಾಧಾನ ಹೇಳಹೊರಟೆ. “ನೀ ಸುಮ್ಮ ದನಿ ಕೂಡಿಸು” ಎಂದು ಇಬ್ಬರೂ ಒಟ್ಟಿಗೆ ಗದರಿಸಿದರು. ಆ ವಿಷಯದಲ್ಲಿ ಮಾತ್ರ ಅವರಲ್ಲಿ ವಾದವಿರಲಿಲ್ಲ. ಜೀವಮಾನದಲ್ಲಿ ಮೊದಲ ಸಲ ನಾನು ಹಿಮ್ಮೇಳದ ‘ಗೀಯ ಗಾ ಗಾಗೀಯ ಗಾ’ ಎಂದೆ. ಗೂಟಕ್ಕೆ ಕಟ್ಟಿದ್ದ ಆಡು ಕಿವಿ ನಿಮಿರಿಸಿ ನನ್ನನ್ನೇ ನೋಡಿತು. ಆದರೂ ನಾನು ನಿಲ್ಲಿಸಲಿಲ್ಲ. ಜಗಳ ಕಂಡಲ್ಲಿ ನೀರು ಸುರಿಯುವುದೇ ಧರ್ಮವೆಂದುಕೊಂಡವನಿಗೆ ಈ ಬೆಂಕಿ ಆರಬಾರದು ಅನ್ನಿಸಿಬಿಟ್ಟಿತ್ತು.

ಹೆಣ್ಣು ಹೆಚ್ಚೋ ಗಂಡು ಹೆಚ್ಚೋ ಎಂಬ ಪ್ರಶ್ನೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಮೌಲಾಸಾಬರ ಹೆಂಡತಿ ಖಾಸಿಂಬಿ ಒಳಗಿನಿಂದ ಚಹಾ ತಂದಿಟ್ಟರು.

“ಮುಗಸ್ರಿ ಇನ್ನ, ಚಾ ಆರಾಕತ್ತೇತಿ. ಅದು ಈ ಮನ್ಯಾಗ ಯಾವತ್ತೋ ಇತ್ಯರ್ಥ ಆಗೇತಿ.”

ಮೌಲಾಸಾಬರು ಮರುಮಾತಾಡದೆ ಕಪ್ಪು ಕೈಗೆತ್ತಿಕೊಂಡರು.